ಹೃದಯದ ಮಾತು: ಜೈಲಿನಲ್ಲಿರುವವರಿಗೂ ಮನೆಯವರು ಬೇಕು

ಈ ಮಾಲಿಕೆಯಲ್ಲಿ ಇಲ್ಲಿಯವರೆಗೆ ಬಿಪಿ, ಕೊಲೆಸ್ಟ್ರಾಲ್, ಸ್ಟೆಂಟ್, ಉಪ್ಪಿನಕಾಯಿ ಎಲ್ಲದರ ಬಗ್ಗೆ ಬರೆದಿದ್ದೇನೆ. ಇವತ್ತಿನ ತಲೆಬರಹ ನೋಡಿ "ಡಾಕ್ಟರಿಗೆ ಏನಾಯ್ತು, ಜೈಲಿನ ವಿಷಯ ಯಾಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಐದು ನಿಮಿಷ ಸಮಯ ಕೊಡಿ. ಇದೂ ಹೃದಯದ ವಿಷಯವೇ. ಇಷ್ಟವಾಗದಿದ್ದರೆ ಫಾರ್ವರ್ಡ್ ಮಾಡಬೇಡಿ, ಬೇಸರವಿಲ್ಲ.

ಮೂರು ವರ್ಷದ ಹಿಂದೆ ಪುಣೆಯಲ್ಲಿ ನಾನು ಡ್ಯೂಟಿಯಲ್ಲಿದ್ದ ರಾತ್ರಿ, ಇಬ್ಬರು ಪೊಲೀಸರ ಜೊತೆ ಒಬ್ಬ ಕೈದಿಯನ್ನು ಕರೆತಂದರು. ಐವತ್ತರ ಆಸುಪಾಸಿನ ವಯಸ್ಸು, ಎದೆನೋವು, ಮೈಯೆಲ್ಲ ಬೆವರು. ಇಸಿಜಿ ನೋಡಿದರೆ ದೊಡ್ಡ ಹಾರ್ಟ್ ಅಟ್ಯಾಕ್. ತಕ್ಷಣ ಆಂಜಿಯೋಗ್ರಾಮ್ ಮಾಡಿ ಒಂದು ಸ್ಟೆಂಟ್ ಹಾಕಿದೆವು. ಮರಾಠಿಯಲ್ಲಿ ತಡವರಿಸುತ್ತಿದ್ದ. ಊರು ಕೇಳಿದೆ. ವಿಜಯಪುರ ಜಿಲ್ಲೆ, ಇಂಡಿ ತಾಲ್ಲೂಕು. ನಾನು ಕನ್ನಡಕ್ಕೆ ತಿರುಗಿದೆ. ಸಂಬಂಧಿಕರ ಫೋನ್ ನಂಬರ್ ಕೊಡಿ ಎಂದೆ. "ಯಾರಿಗೂ ಫೋನ್ ಮಾಡಬ್ಯಾಡ್ರಿ ಸಾಹೇಬ್ರ. ನಾ ದುಬೈನಾಗ ಅದೀನಿ ಅಂತ ಹುಡುಗ್ರಿಗೆ ಹೇಳ್ಯಾರ" ಅಂದ.

ಫಾರ್ಮಿನ ಸಂಬಂಧಿಕರ ಕಾಲಂನಲ್ಲಿ 'ಇಲ್ಲ' ಎಂದು ಬರೆದು ನಾನು ಮುಂದಿನ ರೋಗಿಯ ಕಡೆ ಹೋದೆ. ಒಪ್ಪಿಕೊಳ್ಳುತ್ತೇನೆ, ಅಷ್ಟೇ ಮಾಡಿದೆ. ಮರುದಿನ ಮತ್ತೆ ಕೇಳಿದ್ದು ನಮ್ಮ ನರ್ಸ್. ಆಕೆ ಕೇರಳದವರು, ಕನ್ನಡ ಬರುವುದಿಲ್ಲ. ಆದರೂ ಹೇಗೋ ಮಾಡಿ ಸೊಲ್ಲಾಪುರದಲ್ಲಿ ರೊಟ್ಟಿ ಮಾಡಿ ಮಾರುವ ತಂಗಿಯೊಬ್ಬಳಿದ್ದಾಳೆ ಎನ್ನುವುದನ್ನು ಹೊರಗೆ ತಂದರು. ಆ ತಂಗಿ ಮೂರನೇ ದಿನ ಬಂದರು. ಪೊಲೀಸರು ಅನುಮತಿ ಪತ್ರ ಕೇಳಿದರು. ಅನುಮತಿ ಸಿಗುವ ಹೊತ್ತಿಗೆ ಆಸ್ಪತ್ರೆಯ ಭೇಟಿ ಸಮಯ ಮುಗಿದಿತ್ತು. ಗೇಟಿನ ಹೊರಗೆ ರೊಟ್ಟಿ ಗಂಟು ಹಿಡಿದು ಕೂತಿದ್ದವರನ್ನು ನಾನು ಊಟಕ್ಕೆ ಹೋಗುವಾಗ ನೋಡಿದೆ. ನಾನು ಸಹಿ ಮಾಡಿದ್ದರೆ ಹತ್ತು ನಿಮಿಷ ಒಳಗೆ ಬಿಡಬಹುದಿತ್ತು. ಸಂಜೆ ನೆನಪಾಗಿ ಸಹಿ ಮಾಡಿದೆ.

ಈ ಮನುಷ್ಯ ಮುಗ್ಧನಲ್ಲ. ಕಟ್ಟಡ ಕೆಲಸದ ಜಾಗದಲ್ಲಿ ಕುಡಿದ ಮತ್ತಿನಲ್ಲಿ ನಡೆದ ಜಗಳದಲ್ಲಿ ಇವನ ಕೈಯಿಂದ ಇನ್ನೊಬ್ಬ ಕೂಲಿಕಾರ ಸತ್ತಿದ್ದ. ಸತ್ತವನಿಗೂ ಹೆಂಡತಿ ಮಕ್ಕಳಿದ್ದರು. ಇದನ್ನು ಮರೆಸಿ ಬರೆಯುವುದು ನನ್ನ ಉದ್ದೇಶವಲ್ಲ. ಶಿಕ್ಷೆ ಆಗಲೇಬೇಕಿತ್ತು, ಆಯಿತು. ನನ್ನ ಪ್ರಶ್ನೆ ಬೇರೆ. ಇವನು ಒಂದು ದಿನ ಹೊರಗೆ ಬರುತ್ತಾನೆ. ಬಂದ ಮೇಲೆ ಯಾವ ಮನುಷ್ಯನಾಗಿರುತ್ತಾನೆ? ಅದನ್ನು ನಿರ್ಧರಿಸುವುದು ಏನು?

ಮೊದಲು ನನ್ನ ಕ್ಷೇತ್ರದ ಮಾತು ಹೇಳುತ್ತೇನೆ.

ಸ್ಟೆಂಟ್ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು. ಮಧ್ಯದಲ್ಲಿ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಗಟ್ಟಿಯಾಗಿ ಮತ್ತೆ ಅಟ್ಯಾಕ್ ಆಗುತ್ತದೆ. ಎರಡನೆಯದು ಬಹಳ ಸಲ ಮೊದಲನೆಯದಕ್ಕಿಂತ ಕೆಟ್ಟದ್ದು. ಇದನ್ನೆಲ್ಲ ವಿವರಿಸಿದ ಮೇಲೆ ಅವನು ಕೇಳಿದ್ದು ಒಂದೇ: "ಯಾರ ಸಲುವಾಗಿ ನುಂಗ್ಲಿ?" ನನ್ನ ಪ್ರಿಸ್ಕ್ರಿಪ್ಷನ್ ಪ್ಯಾಡಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮಾತ್ರೆ ತಪ್ಪದೆ ತೆಗೆದುಕೊಳ್ಳುವ ನನ್ನ ರೋಗಿಗಳನ್ನು ನೆನಪಿಸಿಕೊಂಡರೆ, ಬಹುತೇಕ ಎಲ್ಲರ ಹಿಂದೆ "ತಗೊಂಡ್ರಾ?" ಎಂದು ಕೇಳುವ ಒಬ್ಬರಿದ್ದಾರೆ. ಹೆಂಡತಿ, ಮಗ, ಪಕ್ಕದ ಮನೆಯ ಅಜ್ಜಿ, ಯಾರಾದರೂ ಸರಿ.

ಇದು ಭಾವನೆಯ ಮಾತಷ್ಟೇ ಅಲ್ಲ. 2010ರಲ್ಲಿ ಅಮೆರಿಕದ ಜೂಲಿಯನ್ ಹೋಲ್ಟ್-ಲನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು, ಒಟ್ಟು ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚು ಎಂದು ಕಂಡಿತು. 2016ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ ಒಂಟಿತನ ಮತ್ತು ಜನಸಂಪರ್ಕವಿಲ್ಲದ ಬದುಕು ಇರುವವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಶೇಕಡಾ 29ರಷ್ಟು, ಪಾರ್ಶ್ವವಾಯು ಶೇಕಡಾ 32ರಷ್ಟು ಹೆಚ್ಚು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಟಲಿಯ ಒಂದು ಸಣ್ಣ ಪ್ರಯೋಗ. ಐಸಿಯು ಬಾಗಿಲಲ್ಲಿ ಸೆಕ್ಯೂರಿಟಿಯವರೊಡನೆ ಜಗಳವಾಡಿದ ಅನುಭವ ನಿಮ್ಮಲ್ಲಿ ಅನೇಕರಿಗಿದೆ, ಹಾಗಾಗಿ ಹೇಳುತ್ತೇನೆ. ಫ್ಲಾರೆನ್ಸ್ ನಗರದ ಹೃದಯ ಐಸಿಯು ಒಂದರಲ್ಲಿ ಎರಡು ತಿಂಗಳು ಕಟ್ಟುನಿಟ್ಟಿನ ಭೇಟಿ ಸಮಯ, ಮುಂದಿನ ಎರಡು ತಿಂಗಳು ರೋಗಿಗೆ ಬೇಕಾದವರು ಬೇಕಾದಾಗ ಬರಬಹುದು, ಹೀಗೆ ಬದಲಾಯಿಸುತ್ತ ಹೋದರು. 226 ರೋಗಿಗಳು. 2006ರಲ್ಲಿ ಪ್ರಕಟವಾದ ಫಲಿತಾಂಶ ಏನು ಗೊತ್ತೇ? ಕಟ್ಟುನಿಟ್ಟಿನ ತಿಂಗಳುಗಳಲ್ಲಿ ಹೃದಯದ ಗಂಭೀರ ತೊಂದರೆಗಳು ಸುಮಾರು ಎರಡು ಪಟ್ಟು. ಜನ ಬಂದರೆ ಸೋಂಕು ತರುತ್ತಾರೆ ಎನ್ನುವುದು ನಮ್ಮೆಲ್ಲರ ವಾದವಾಗಿತ್ತು. ಕೋಣೆಯಲ್ಲಿ ಕ್ರಿಮಿಗಳು ಹೆಚ್ಚಿದ್ದು ನಿಜ, ಆದರೆ ರೋಗಿಗಳಲ್ಲಿ ಸೋಂಕಿನ ತೊಂದರೆ ಹೆಚ್ಚಲಿಲ್ಲ. ಆತಂಕ ಮಾತ್ರ ಕಡಿಮೆಯಾಗಿತ್ತು.

ಆಸ್ಪತ್ರೆ ಮತ್ತು ಜೈಲು ಎರಡಕ್ಕೂ ಭೇಟಿ ಸಮಯ ಎನ್ನುವುದೊಂದು ಇದೆ. ಎರಡೂ ಕಡೆ ಅದನ್ನು ನಾವು ದಯೆ ಎಂದುಕೊಳ್ಳುತ್ತೇವೆ, ಚಿಕಿತ್ಸೆ ಎಂದಲ್ಲ.

ಆಸ್ಪತ್ರೆಗಳು ಈ ವಿಷಯದಲ್ಲಿ ಒಮ್ಮೆ ಪಾಠ ಕಲಿತಿವೆ. ಸುಮಾರು 70 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಮಕ್ಕಳನ್ನು ಅಡ್ಮಿಟ್ ಮಾಡಿದರೆ ತಂದೆ ತಾಯಿಯನ್ನು ಹತ್ತಿರ ಬಿಡುತ್ತಿರಲಿಲ್ಲ. ಅಮ್ಮ ಬಂದು ಹೋದರೆ ಮಗು ಅಳುತ್ತದೆ, ಬರದಿದ್ದರೆ ಸುಮ್ಮನಿರುತ್ತದೆ, ಹಾಗಾಗಿ ಬರದಿರುವುದೇ ಒಳ್ಳೆಯದು ಎನ್ನುವ ತರ್ಕ. ಜೇಮ್ಸ್ ರಾಬರ್ಟ್‌ಸನ್ ಎಂಬವರು 1952ರಲ್ಲಿ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಸಾಕ್ಷ್ಯಚಿತ್ರ ತೆಗೆದು ತೋರಿಸಿದರು. ಆ ಮಗು ಸುಮ್ಮನಾಗಿದ್ದು ಸಮಾಧಾನದಿಂದಲ್ಲ, ಆಸೆ ಬಿಟ್ಟಿದ್ದರಿಂದ. ಇಂದು ಮಕ್ಕಳ ವಾರ್ಡಿನಲ್ಲಿ ತಾಯಿಗೆ ಹಾಸಿಗೆ ಹಾಕಿಕೊಡುವ ಪದ್ಧತಿಯ ಹಿಂದೆ ಇಂಥ ಕೆಲಸವಿದೆ.

ರಾಬರ್ಟ್‌ಸನ್ ಕೆಲಸ ಮಾಡುತ್ತಿದ್ದುದು ಮನೋವೈದ್ಯ ಜಾನ್ ಬೌಲ್ಬಿ ಜೊತೆ. ಮಗು ಮತ್ತು ಪೋಷಕರ ನಡುವಿನ ಬಾಂಧವ್ಯದ ಬಗ್ಗೆ ಇಂದು ನಾವು ಮಾತಾಡುವ ಬಹಳಷ್ಟಕ್ಕೆ ಬೌಲ್ಬಿಯೇ ಮೂಲ. ಅವರ ಮೊದಲ ಪ್ರಸಿದ್ಧ ಅಧ್ಯಯನ ಯಾರ ಮೇಲೆ ಎಂದುಕೊಂಡಿರಿ? ಕಳ್ಳತನ ಮಾಡಿ ಸಿಕ್ಕಿಬಿದ್ದ ಮಕ್ಕಳ ಮೇಲೆ. 1944ರಲ್ಲಿ ಪ್ರಕಟವಾಯಿತು. ಲಂಡನ್ನಿನ ಕ್ಲಿನಿಕ್ಕಿಗೆ ಬಂದ 44 ಮಕ್ಕಳು. ಅವರಲ್ಲಿ 14 ಮಂದಿ ಯಾರ ಮೇಲೂ ಮಮತೆಯಿಲ್ಲದವರು, ಮಾಡಿದ್ದಕ್ಕೆ ನಾಚಿಕೆಯೂ ಇಲ್ಲದವರು. ಆ 14ರಲ್ಲಿ 12 ಮಂದಿ ತೀರ ಚಿಕ್ಕಂದಿನಲ್ಲಿ ತಾಯಿಯಿಂದ ದೀರ್ಘಕಾಲ ಬೇರೆಯಾಗಿದ್ದರು. ಉಳಿದ 30ರಲ್ಲಿ ಅಂಥವರು ಐದು ಮಂದಿ ಮಾತ್ರ.

ಈ ಅಧ್ಯಯನವನ್ನು ಕಣ್ಣುಮುಚ್ಚಿ ನಂಬಬೇಡಿ ಎಂದೂ ಹೇಳಬೇಕು. ಮಕ್ಕಳನ್ನು ಪರೀಕ್ಷಿಸಿದವರೂ ಬೌಲ್ಬಿಯೇ, ವರ್ಗೀಕರಿಸಿದವರೂ ಅವರೇ. ಹಿಂದಿನದನ್ನು ನೆನಪಿನಿಂದ ಕೇಳಿ ಬರೆದದ್ದು. ತಾಯಿ ಕೆಲಸಕ್ಕೆ ಹೋದರೆ ಮಗು ಕಳ್ಳನಾಗುತ್ತದೆ ಎಂಬ ಅರ್ಥ ಇದರಲ್ಲಿಲ್ಲ. ಇದನ್ನು ಹಿಡಿದು ಕೆಲಸಕ್ಕೆ ಹೋಗುವ ಸೊಸೆಗೆ ಬುದ್ಧಿ ಹೇಳಲು ಹೊರಡಬೇಡಿ, ದಯವಿಟ್ಟು. ಆದರೆ ಜೈಲಿನ ಒಳಗಿರುವವರಲ್ಲಿ ಬಾಲ್ಯದ ಹೊಡೆತ, ತೊರೆತ, ಕುಡುಕ ತಂದೆ ಇತ್ಯಾದಿಗಳನ್ನು ಕಂಡವರು ಸಾಮಾನ್ಯ ಜನರಿಗಿಂತ ಬಹಳ ಹೆಚ್ಚು ಎನ್ನುವುದನ್ನು ನಂತರದ ಎಷ್ಟೋ ಸಂಶೋಧನೆಗಳು ತೋರಿಸಿವೆ. ಅದೇ ಬಾಲ್ಯದ ಹೊಡೆತಗಳು ದೊಡ್ಡವರಾದ ಮೇಲೆ ಹೃದಯರೋಗವನ್ನೂ ಹೆಚ್ಚಿಸುತ್ತವೆ ಎಂದು 1998ರಲ್ಲಿ ವಿನ್ಸೆಂಟ್ ಫೆಲಿಟಿ ಮತ್ತು ಸಂಗಡಿಗರು ತೋರಿಸಿದರು. ಒಂದೇ ಬೇರು, ಎರಡು ಕೊಂಬೆ.

ಹಾಗಾದರೆ ಚಿಕ್ಕಂದಿನಲ್ಲಿ ಕೆಟ್ಟಿದ್ದು ಕೆಟ್ಟೇ ಹೋಯಿತೇ? ಇಲ್ಲ. ಇಲ್ಲಿ ಬಾಸ್ಟನ್ ನಗರದ ಕಥೆ ಹೇಳಬೇಕು. 1940ರ ದಶಕದಲ್ಲಿ ಗ್ಲೂಕ್ ದಂಪತಿ ಅಲ್ಲಿನ 500 ಅಪರಾಧಿ ಹುಡುಗರ ವಿವರ ಸಂಗ್ರಹಿಸಿದ್ದರು. ಆ ಕಾಗದಗಳು ಹಾರ್ವರ್ಡ್ ಕಾನೂನು ಕಾಲೇಜಿನ ನೆಲಮಾಳಿಗೆಯಲ್ಲಿ ಡಬ್ಬಿಗಳಲ್ಲಿ ಬಿದ್ದಿದ್ದವು. 1980ರ ದಶಕದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಸಂಶೋಧಕರು ಅವನ್ನು ತೆಗೆದು, ಆ ಹುಡುಗರು 70 ವರ್ಷದ ಮುದುಕರಾಗುವವರೆಗೂ ಹಿಂಬಾಲಿಸಿದರು. ಬಾಲ್ಯ ಒಂದೇ ಥರ ಕೆಟ್ಟದಾಗಿದ್ದ ಹುಡುಗರಲ್ಲಿ ಕೆಲವರು ಜೀವನವಿಡೀ ಜೈಲು ಸುತ್ತಿದರು, ಅನೇಕರು ನಡುವಯಸ್ಸಿಗೆ ನಿಲ್ಲಿಸಿದರು. ನಿಲ್ಲಿಸಿದವರ ಬದುಕಿನಲ್ಲಿ ಕಂಡದ್ದು ಒಳ್ಳೆಯ ದಾಂಪತ್ಯ, ನೆಲೆಯಾದ ಕೆಲಸ, ಸೈನ್ಯದ ಶಿಸ್ತು. ಅಂದರೆ ಇವನನ್ನು ಕಾಯುವವರು, ಇವನು ಕಳೆದುಕೊಳ್ಳಲು ಹೆದರುವಂಥದ್ದು ಏನಾದರೂ ಇತ್ತು.

ಇದನ್ನು ಓದಿ "ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು" ಎಂಬ ನಮ್ಮ ಗಾದೆ ನಿಮಗೆ ನೆನಪಾಗಿರಬಹುದು. ದಾರಿ ತಪ್ಪಿದ ಮಗನಿಗೆ ಊರಿಂದ ಬಡ ಹುಡುಗಿಯನ್ನು ತಂದು ಗಂಟುಹಾಕಿ "ಈಗ ಸರಿಹೋಗ್ತಾನೆ" ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಆ ಸಂಶೋಧಕರು ಹೇಳಿದ್ದು ಅದಲ್ಲ. ಬೇರೆಯವರ ಮಗಳು ನಿಮ್ಮ ಮಗನ ಔಷಧಿಯಲ್ಲ.

ಈಗ ಜೈಲಿನ ಭೇಟಿಗೆ ಬರೋಣ. ಅಮೆರಿಕದ ಮಿನ್ನೆಸೋಟ ರಾಜ್ಯ 2003ರಿಂದ 2007ರವರೆಗೆ ಬಿಡುಗಡೆಯಾದ 16,420 ಮಂದಿಯನ್ನು ಗಮನಿಸಿ 2011ರಲ್ಲಿ ವರದಿ ಕೊಟ್ಟಿತು. ಜೈಲಿನಲ್ಲಿದ್ದಾಗ ಒಂದು ಸಲವಾದರೂ ಯಾರಾದರೂ ನೋಡಲು ಬಂದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾಗುವ ಅಪಾಯ ಶೇಕಡಾ 13ರಷ್ಟು ಕಡಿಮೆ. ಯಾರು ಬಂದರೆ ಹೆಚ್ಚು ಉಪಯೋಗ ಎಂದೂ ನೋಡಿದರು. ಅಣ್ಣ ತಮ್ಮ ಅಕ್ಕ ತಂಗಿಯರು, ತಂದೆ, ಅತ್ತೆ ಮಾವನ ಕಡೆಯವರು, ಧರ್ಮಗುರುಗಳು. ವಿಚ್ಛೇದಿತ ಪತಿ ಅಥವಾ ಪತ್ನಿ ಬಂದಾಗ ಮಾತ್ರ ಅಪಾಯ ಹೆಚ್ಚಿತ್ತು. ಇಂಗ್ಲೆಂಡಿನಲ್ಲಿ ಲಾರ್ಡ್ ಫಾರ್ಮರ್ ಅವರು ಸರ್ಕಾರಕ್ಕೆ 2017ರಲ್ಲಿ ಕೊಟ್ಟ ವರದಿಯಲ್ಲಿ, ಕುಟುಂಬದವರು ಭೇಟಿ ಮಾಡುವ ಕೈದಿಗಳು ಮತ್ತೆ ಅಪರಾಧ ಮಾಡುವ ಸಾಧ್ಯತೆ ಶೇಕಡಾ 39ರಷ್ಟು ಕಡಿಮೆ ಎಂಬ ಅಂಕಿ ಇದೆ.

ಒಂದು ಎಚ್ಚರಿಕೆ. ಯಾರಿಗೆ ಭೇಟಿ ಬರುತ್ತದೋ ಅವರು ಮೊದಲೇ ಸ್ವಲ್ಪ ಒಳ್ಳೆಯ ಸ್ಥಿತಿಯಲ್ಲಿದ್ದವರಿರಬಹುದು. ಹಾಗಾಗಿ ಇಡೀ ವ್ಯತ್ಯಾಸಕ್ಕೆ ಭೇಟಿಯೇ ಕಾರಣ ಎನ್ನಲಾಗದು. ಆದರೆ ಇದಕ್ಕೆ ತಗಲುವ ಖರ್ಚು ಎಷ್ಟು? ಒಂದು ಬೆಂಚು, ಒಂದು ಫ್ಯಾನು, ಅರ್ಧ ಗಂಟೆ. ಇಷ್ಟು ಅಗ್ಗದ, ಇಷ್ಟು ಕಡಿಮೆ ಅಡ್ಡಪರಿಣಾಮದ ಔಷಧಿ ನನ್ನ ಕಪಾಟಿನಲ್ಲಿ ಯಾವುದೂ ಇಲ್ಲ.

ಬಿಡುಗಡೆಯ ನಂತರದ ದಿನಗಳ ಬಗ್ಗೆ ಹೃದಯವೈದ್ಯನಾಗಿ ನನಗೆ ವಿಶೇಷ ಚಿಂತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30 ಸಾವಿರಕ್ಕೂ ಹೆಚ್ಚು ಜನರ ಅಧ್ಯಯನ 2007ರಲ್ಲಿ ಬಂತು. ಹೊರಬಂದ ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಸಾಮಾನ್ಯರಿಗಿಂತ 12.7 ಪಟ್ಟು. ಮಾದಕ ವಸ್ತು ಮೊದಲ ಕಾರಣ, ನಂತರ ಹೃದಯರೋಗ, ಕೊಲೆ, ಆತ್ಮಹತ್ಯೆ. ನಮ್ಮ ದೇಶದ ಚಿತ್ರ ಬೇರೆ ಇರಬಹುದು, ಆದರೆ ನಮ್ಮ ಜೈಲುಗಳ ಒಳಗೂ ಕಾಯಿಲೆಯಿಂದ ಆಗುವ ಸಾವುಗಳಲ್ಲಿ ಹೃದಯದ ತೊಂದರೆಯೇ ಮುಂದಿದೆ ಎಂದು ಎನ್‌ಸಿಆರ್‌ಬಿ ವರದಿಗಳು ಹೇಳುತ್ತವೆ. ಜೈಲಿನಲ್ಲಿ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತಿದ್ದ ಮಾತ್ರೆ ಗೇಟು ದಾಟಿದ ದಿನ ನಿಲ್ಲುತ್ತದೆ. ಎಲ್ಲಿ ಮಲಗುವುದು ಎಂದೇ ಗೊತ್ತಿಲ್ಲದವನು ಮೆಡಿಕಲ್ ಶಾಪ್ ಹುಡುಕುವುದಿಲ್ಲ.

ಇಲ್ಲಿಯವರೆಗೆ ವಿದೇಶದ ಮಾತೇ ಹೆಚ್ಚಾಯಿತು. ನಮ್ಮ ಪಕ್ಕದಲ್ಲೇ ಇದಕ್ಕಿಂತ ಹಳೆಯ ಉದಾಹರಣೆ ಇದೆ. ಸಾಂಗ್ಲಿ ಜಿಲ್ಲೆಯ ಆಟಪಾಡಿ ಬಳಿ ಸ್ವತಂತ್ರಪುರ ಎಂಬ ಬಯಲು ಕಾರಾಗೃಹ. ಔಂಧ್ ಸಂಸ್ಥಾನದ ಕಾಲದಲ್ಲಿ, 1939ರಲ್ಲಿ ಶುರುವಾದದ್ದು. ಗೋಡೆಯಿಲ್ಲ, ಕೈದಿಗಳು ಹೆಂಡತಿ ಮಕ್ಕಳ ಜೊತೆ ಇದ್ದುಕೊಂಡು ಹೊಲದಲ್ಲಿ ದುಡಿಯುತ್ತಾರೆ. ಇದರ ಹಿಂದೆ ಪೋಲೆಂಡ್ ಮೂಲದ ಇಂಜಿನಿಯರ್ ಮಾರಿಸ್ ಫ್ರಿಡ್‌ಮನ್ ಇದ್ದರು. ಆತ ಔಂಧ್‌ಗೆ ಹೋಗುವ ಮೊದಲು ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಉಪಕರಣ ಕಾರ್ಖಾನೆ ನಡೆಸುತ್ತಿದ್ದವರು. ವಿ. ಶಾಂತಾರಾಂ ಅವರ 1957ರ 'ದೋ ಆಂಖೇ ಬಾರಹ್ ಹಾಥ್' ಚಿತ್ರಕ್ಕೆ ಪ್ರೇರಣೆ ಈ ಪ್ರಯೋಗವೇ. ನಿಮ್ಮ ಮನೆಯ ಹಿರಿಯರು ನೋಡಿರುತ್ತಾರೆ, ಕೇಳಿ.

ಜೈಪುರದ ಸಾಂಗಾನೇರ್ ಬಯಲು ಬಂದೀಖಾನೆ 1963ರಿಂದ ನಡೆಯುತ್ತಿದೆ. ಅಲ್ಲಿನ ಕೈದಿಗಳು ಕುಟುಂಬದೊಂದಿಗೆ ವಾಸಿಸಿ, ಬೆಳಿಗ್ಗೆ ಊರೊಳಗೆ ಕೆಲಸಕ್ಕೆ ಹೋಗಿ, ಸಂಜೆ ಹಾಜರಿಗೆ ಮರಳುತ್ತಾರೆ. ಕೊಲೆ ಪ್ರಕರಣದಲ್ಲಿ ಶಿಕ್ಷೆಯಾದವರೂ ಇದ್ದಾರೆ. ಅದರ ಜಾಗದಲ್ಲಿ ಆಸ್ಪತ್ರೆ ಕಟ್ಟುವ ವಿವಾದ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ವೈದ್ಯನಾಗಿ ನಾನು ಆಸ್ಪತ್ರೆಯ ಪರ ಇರಬೇಕು. ಈ ಒಂದು ವಿಷಯದಲ್ಲಿ ಇಲ್ಲ, ಆಸ್ಪತ್ರೆಗೆ ಬೇರೆ ಜಾಗ ಹುಡುಕಬಹುದು.

ಕರ್ನಾಟಕದಲ್ಲಿ ಬಾಂಧವ್ಯ ಕಟ್ಟಿದ ಇನ್ನೊಂದು ದಾರಿ ರಂಗಭೂಮಿ. ಮೈಸೂರು ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು 'ಸಂಕಲ್ಪ' ತಂಡದ ಮೂಲಕ ಕೇಂದ್ರ ಕಾರಾಗೃಹಗಳ ಕೈದಿಗಳಿಂದ ನಾಟಕ ಮಾಡಿಸಿದರು. ಗಿರೀಶ ಕಾರ್ನಾಡರ 'ತಲೆದಂಡ' ಕೂಡ ಆಡಿದರು, ಜೈಲಿನ ಹೊರಗೆ ಬಂದು ಜನರ ಮುಂದೆ ಆಡಿದರು. ಮನೆಯವರು ಕೈಬಿಟ್ಟವನಿಗೂ ತಾಲೀಮಿನಲ್ಲಿ ತನ್ನ ಮಾತಿಗಾಗಿ ಕಾಯುವ ಇನ್ನೊಬ್ಬ ಪಾತ್ರಧಾರಿ ಸಿಗುತ್ತಾನೆ. ಅದೂ ಸಂಬಂಧವೇ. ಬಾಂಧವ್ಯ ಎಂದರೆ ರಕ್ತಸಂಬಂಧ ಮಾತ್ರ ಎಂದುಕೊಳ್ಳಬೇಕಿಲ್ಲ.

ಮಹಾರಾಷ್ಟ್ರದ ಜೈಲುಗಳಲ್ಲಿ 'ಗಳಾಭೇಟ್' ಎಂಬ ಕಾರ್ಯಕ್ರಮ ನಡೆಸಿದ್ದಾರೆ. ಗಳಾ ಎಂದರೆ ಕೊರಳು, ಅಂದರೆ ಅಪ್ಪಿಕೊಂಡು ಭೇಟಿ. ಗಾಜಿನ, ಜಾಲರಿಯ ಆಚೆಯಿಂದಲ್ಲ, ಕೈದಿಗಳು ತಮ್ಮ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳಬಹುದು. ಪಂಜಾಬ್ 2022ರಲ್ಲಿ ಪತಿ-ಪತ್ನಿ ಖಾಸಗಿಯಾಗಿ ಭೇಟಿಯಾಗುವ ವ್ಯವಸ್ಥೆ ತಂದಿತು. 2023ರಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಕೈದಿಗೆ, ತಾನು ಪ್ರೀತಿಸಿದ ಹುಡುಗಿಯನ್ನು ಮದುವೆಯಾಗಲು ಪೆರೋಲ್ ಕೊಟ್ಟಿತು. ತಾಯಿ ಜೈಲಿನಲ್ಲಿದ್ದರೆ ಮಗು ಆರು ವರ್ಷ ತುಂಬುವವರೆಗೆ ಜೊತೆಗಿರಬಹುದು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಆರು ತುಂಬಿದ ಮರುದಿನ ಆ ಮಗು ಎಲ್ಲಿ ಹೋಗುತ್ತದೆ ಎನ್ನುವುದು ನನ್ನನ್ನು ಕಾಡುವ ಪ್ರಶ್ನೆ, ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಇದೆಲ್ಲ ವಲಸೆ ಬಂದ ನಮಗೆ ಯಾಕೆ ಮುಖ್ಯ?

ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ ಎಲ್ಲ ಕಡೆ ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಕಟ್ಟಡ ಕೂಲಿಗಳಿದ್ದಾರೆ. ಉಡುಪಿ, ಕುಂದಾಪುರದ ಕಡೆಯಿಂದ ಬಂದ ಹೋಟೆಲ್ ಹುಡುಗರಿದ್ದಾರೆ. ಇವರಲ್ಲಿ ಒಬ್ಬರ ಮೇಲೆ ಕೇಸ್ ಆದರೆ ಇಡುವುದು ಆರ್ಥರ್ ರೋಡ್, ಯೆರವಡಾ, ಚೆರ್ಲಪಲ್ಲಿ, ಪುಳಲ್, ತಿಹಾರ್ ಜೈಲಿನಲ್ಲಿ. ಮನೆ ಇರುವುದು ಐನೂರು, ಸಾವಿರ ಕಿಲೋಮೀಟರ್ ಆಚೆ. ಒಂದು ಭೇಟಿಗೆ ಎರಡು ದಿನದ ಕೂಲಿ, ಬಸ್ ಚಾರ್ಜು, ತಿಳಿಯದ ಭಾಷೆಯಲ್ಲಿ ಗೇಟಿನಲ್ಲಿ ಬೈಗುಳ. ಮೂರನೇ ಸಲಕ್ಕೆ ಯಾರೂ ಬರುವುದಿಲ್ಲ. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ, ಸಾಧ್ಯವಾದಷ್ಟು ಕೈದಿಯನ್ನು ಅವನ ಮನೆಗೆ ಹತ್ತಿರದ ಜೈಲಿನಲ್ಲಿಡಬೇಕು ಎಂದಿದೆ. ಸುಮ್ಮನೆ ಬರೆದದ್ದಲ್ಲ ಅದು.

2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನರಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂವರು ವಿಚಾರಣಾಧೀನರು. ಅಂದರೆ ತಪ್ಪು ಮಾಡಿದ್ದಾರೆ ಎಂದು ಯಾವ ನ್ಯಾಯಾಲಯವೂ ಇನ್ನೂ ಹೇಳಿಲ್ಲ. ನಾವು ಮಾತ್ರ ಹೇಳಿಬಿಟ್ಟಿರುತ್ತೇವೆ. ವಾಟ್ಸಾಪ್ ಗುಂಪಿನಿಂದ ಆ ಮನೆಯವರನ್ನು ತೆಗೆಯುತ್ತೇವೆ, ಗಣೇಶ ಹಬ್ಬದ ವಂತಿಗೆ ಕೇಳಲು ಅವರ ಮನೆಗೆ ಹೋಗುವುದಿಲ್ಲ, ಸಂಬಂಧ ನೋಡುವವರಿಗೆ "ಆ ಮನೆ ಬೇಡ" ಎಂದು ಪಿಸುಗುಟ್ಟುತ್ತೇವೆ. ಅದರ ಶಿಕ್ಷೆ ಅನುಭವಿಸುವುದು ಎಂಟನೇ ಕ್ಲಾಸಿನಲ್ಲಿ ಓದುವ ಹುಡುಗಿ.

ಕೆಲವು ಮಾತು ನೇರವಾಗಿ ಹೇಳುತ್ತೇನೆ.

ಮಕ್ಕಳಿಗೆ ದುಬೈ ಕಥೆ ಹೇಳಬೇಡಿ. ಅವರಿಗೆ ಗೊತ್ತಾಗಿಯೇ ಆಗುತ್ತದೆ, ಅದೂ ಶಾಲೆಯಲ್ಲಿ, ಕೆಟ್ಟ ರೀತಿಯಲ್ಲಿ. "ಅಪ್ಪ ಒಂದು ತಪ್ಪು ಮಾಡಿದ, ಅದಕ್ಕೆ ದೂರ ಇರಬೇಕಾಗಿದೆ, ನಿನ್ನ ಮೇಲೆ ಅವನಿಗೆ ಪ್ರೀತಿ ಇದೆ" ಎನ್ನುವಷ್ಟು ಸತ್ಯವನ್ನು ಆರು ವರ್ಷದ ಮಗುವೂ ತಡೆದುಕೊಳ್ಳುತ್ತದೆ.

ಆದರೆ ಒಳಗಿರುವವನು ಹೆಂಡತಿಯನ್ನು ಹೊಡೆದು ಬಡಿದವನಾದರೆ, ಮಕ್ಕಳಿಗೆ ಕೇಡು ಮಾಡಿದವನಾದರೆ, ಅವರು ಭೇಟಿಗೆ ಹೋಗಲೇಬೇಕು ಎಂದು ದಯವಿಟ್ಟು ಒತ್ತಾಯಿಸಬೇಡಿ. ಈ ಲೇಖನವನ್ನು ಆ ಹೆಣ್ಣುಮಗಳಿಗೆ ಫಾರ್ವರ್ಡ್ ಮಾಡಿ "ನೋಡು, ಡಾಕ್ಟರೇ ಹೇಳ್ತಾರೆ" ಎನ್ನಬೇಡಿ. ಡಾಕ್ಟರು ಹಾಗೆ ಹೇಳುತ್ತಿಲ್ಲ. ಅಂಥವನನ್ನು ನೋಡಲು ಅವನ ಅಣ್ಣ ಹೋಗಲಿ, ತಂದೆ ಹೋಗಲಿ, ಹಳೆಯ ಮೇಷ್ಟ್ರು ಹೋಗಲಿ. ಮಿನ್ನೆಸೋಟದ ಅಂಕಿಗಳೂ ಅದನ್ನೇ ಹೇಳುತ್ತವೆ.

ದೂರದ ಊರಿನಿಂದ ಪದೇ ಪದೇ ಬರಲಾಗದವರಿಗೆ ಇ-ಮುಲಾಕಾತ್ ಇದೆ. ಸರ್ಕಾರದ ಇ-ಪ್ರಿಸನ್ಸ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ವಿಡಿಯೋ ಕರೆಗೆ ಸಮಯ ಕೇಳಬಹುದು. ಊರಲ್ಲಿರುವ ಮುದುಕ ತಾಯಿಗೆ ಇದು ಬರುವುದಿಲ್ಲ. ನಿಮ್ಮ ಮಗನಿಗೆ, ಮಗಳಿಗೆ ಬರುತ್ತದೆ. ಕಾರ್ಡ್ ಪತ್ರಗಳೂ ಇನ್ನೂ ತಲುಪುತ್ತವೆ. ಅಧಿಕಾರಿಗಳು ಓದಿಯೇ ಕೊಡುತ್ತಾರೆ, ಹಾಗಾಗಿ ಕೇಸಿನ ವಿಷಯ ಬರೆಯಬೇಡಿ. ಮಳೆ ಬಂತೇ, ಎಮ್ಮೆ ಕರು ಹಾಕಿತೇ, ಅದನ್ನು ಬರೆಯಿರಿ.

ಒಳಗಿರುವವರಿಗೆ ಬಿಪಿ, ಶುಗರ್, ಹೃದಯದ ಕಾಯಿಲೆ ಇದ್ದರೆ ಹಳೆಯ ಡಿಸ್ಚಾರ್ಜ್ ಕಾಗದ ಮತ್ತು ಮಾತ್ರೆಗಳ ಪಟ್ಟಿಯ ಜೆರಾಕ್ಸ್ ಅನ್ನು ಜೈಲಿನ ವೈದ್ಯಾಧಿಕಾರಿಗೆ ತಲುಪಿಸಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ. ಬಿಡುಗಡೆಯ ದಿನ ಗೇಟಿನಲ್ಲಿ ಒಬ್ಬರಾದರೂ ಇರಿ, ಕನಿಷ್ಠ ಹದಿನೈದು ದಿನದ ಮಾತ್ರೆ ಕೈಯಲ್ಲಿರಲಿ. ಮೊದಲ ಎರಡು ವಾರಗಳ ಲೆಕ್ಕ ಮೇಲೆ ಹೇಳಿದ್ದೇನೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ, ಬಂಧನದಲ್ಲಿರುವ ಯಾರಿಗೇ ಆಗಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ, ಆದಾಯ ಎಷ್ಟೇ ಇರಲಿ. ಸಹಾಯವಾಣಿ 15100. ಮೊದಲ ಸಲ ಅಪರಾಧದ ಆರೋಪ ಹೊತ್ತವರು, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ವಿಚಾರಣಾಧೀನರಾಗಿಯೇ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು ಎಂದು 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯ 479ನೇ ಕಲಂ ಹೇಳುತ್ತದೆ. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಅನ್ವಯಿಸದು, ಒಂದಕ್ಕಿಂತ ಹೆಚ್ಚು ಕೇಸುಗಳಿದ್ದರೂ ಸಿಗದು. ಹಳೆಯ ಪ್ರಕರಣಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ ಅದೇ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ನಿಮ್ಮ ಗುಂಪಿನಲ್ಲಿ ವಕೀಲರಿದ್ದರೆ ಇದನ್ನು ಸರಿಯಾಗಿ ವಿವರಿಸಲಿ, ನಾನು ಇಸಿಜಿ ಓದುವವನು.

ಇಂಡಿಯ ಆ ಮನುಷ್ಯನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ತಂಗಿ ತಿಂಗಳಿಗೊಮ್ಮೆ ಸೊಲ್ಲಾಪುರದಿಂದ ಬರತೊಡಗಿದರು. ಫಾಲೋಅಪ್‌ಗೆ ಪೊಲೀಸರ ಜೊತೆ ಬಂದಾಗಲೆಲ್ಲ ಅವನು ಮಾತ್ರೆ ಬಿಟ್ಟಿರಲಿಲ್ಲ. ತಂಗಿ ಬಂದದ್ದರಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಒಬ್ಬ ರೋಗಿಯಿಂದ ಏನೂ ಸಾಬೀತಾಗುವುದಿಲ್ಲ. ಕಳೆದ ದೀಪಾವಳಿಗೆ ಮೊದಲು ಬಿಡುಗಡೆಯಾದ. ಜನವರಿಯಲ್ಲಿ ಇಬ್ಬರೂ ಓಪಿಡಿಗೆ ಬಂದರು. ಎಕೋ ಮಾಡಿದೆ, ಹೃದಯದ ಪಂಪಿಂಗ್ ಶೇಕಡಾ 45, ಅಟ್ಯಾಕ್ ಆದ ದಿನಕ್ಕಿಂತ ಚೆನ್ನಾಗಿದೆ. ಊರಿಗೆ ಇನ್ನೂ ಹೋಗಿಲ್ಲವಂತೆ. ಸೊಲ್ಲಾಪುರದಲ್ಲೇ ತಂಗಿಯ ಮನೆಯಲ್ಲಿದ್ದು ಸೈಕಲ್ ಮೇಲೆ ರೊಟ್ಟಿ ಹಂಚುತ್ತಾನೆ. ದಿನಕ್ಕೆ ಎಷ್ಟು ದೂರ ಸೈಕಲ್ ತುಳಿಯಬಹುದು ಎಂದು ಕೇಳಿದ. ಏರು ರಸ್ತೆ ಬಿಟ್ಟು ನಿಧಾನವಾಗಿ ಎಷ್ಟಾದರೂ ಎಂದೆ. ತಂಗಿ ಮಧ್ಯೆ ಬಾಯಿ ಹಾಕಿ, "ನಿಧಾನ ಅಂದ್ರ ಇವಗ ತಿಳಿಯೂದಿಲ್ರಿ, ಕಾಗದದ ಮ್ಯಾಲ ಬರದ ಕೊಡ್ರಿ" ಅಂದರು. ಬರೆದುಕೊಟ್ಟೆ.